ಹೊಳೆಯಲ್ಲಿ ಸಿಗುವ ಜಿಲೇಬಿ

ತಡೀರಿ, ಎದ್ದು ಹೋಗಬೇಡಿ. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಗಾಳ ಹಾಕುವುದನ್ನು ನಾನು ಕಲಿತದ್ದು ಯೂಟ್ಯೂಬಿನಲ್ಲಿ. ದಾರದ ಗಂಟುಗಳನ್ನು ಮಂಚದ ಕಾಲಿಗೆ ಹಾಕಿ ಅಭ್ಯಾಸ ಮಾಡಿದೆ. ಮಂಚ ಇವತ್ತಿನವರೆಗೂ ತಪ್ಪಿಸಿಕೊಂಡಿಲ್ಲ. ಮೀನಿನ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ.

ಇಂಥ ವಿದ್ಯೆಯನ್ನು ನಂಬಿ ಬನ್ನೂರಿನಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ನಂಜನಗೂಡಿನ ಹತ್ತಿರ ಕಪಿಲೆಯ ದಂಡೆಗೆ ಬಂದರು. ಗೆಳೆಯನ ತೆಂಗಿನ ತೋಟದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಉಳಿಯುವ ಯೋಜನೆ. ಭಾವ ಕಾರಿನಿಂದ ಇಳಿಯುವಾಗಲೇ ಷರತ್ತು ಹಾಕಿದರು.

"ನೋಡಪ್ಪ, ಮಕ್ಕಳು ಬೋರು ಅಂದ್ರೆ ಗಾಡಿ ತಿರುಗಿಸ್ತೀನಿ. ಆಮೇಲೆ ಹೊಳೆ ಗಿಳೆ ಅಂತ ಕರೀಬೇಡ."

ನನಗೋ ಈ ಮಕ್ಕಳಿಗೆ ಹೊಳೆಯ ಹುಚ್ಚು ಹಿಡಿಸಲೇಬೇಕೆಂಬ ಆಸೆ. ಮನೆತನದಲ್ಲಿ ಒಬ್ಬನೇ ಹುಚ್ಚನಾಗಿರುವುದು ಬಹಳ ಬೇಜಾರಿನ ಕೆಲಸ.

ರಾಗಿಮುದ್ದೆ ಚೂರನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟೆ. ದೊಡ್ಡವನು ರಾಜು ಸ್ವಲ್ಪ ಹೊತ್ತಿಗೇ ಮೊಬೈಲ್ ಕೇಳಿದ. ಭಾವನ ಕೈ ಕಾರಿನ ಕೀಲಿಯ ಕಡೆ ಹೋಯಿತು. ಆದರೆ ಚಿಕ್ಕವಳು ಚಿನ್ನು, ಇನ್ನೂ ಯುಕೆಜಿ, ತೊಡೆಯ ಮೇಲೆ ಖಾಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ನೀರಿನಿಂದ ಕಣ್ಣು ಕೀಳಲಿಲ್ಲ. ನಾನು ಮಾತಾಡಿದರೆ "ಸುಮ್ನಿರು ಮಾವ" ಎಂದು ನನ್ನನ್ನೇ ಗದರಿದಳು. ಎಂಥ ಏಕಾಗ್ರತೆ! ನನ್ನ ವಾರಸುದಾರಳು ಸಿಕ್ಕಳೆಂದು ಎದೆ ಉಬ್ಬಿತು.

ಸಂಜೆ ದಾರಕ್ಕೆ ಕಟ್ಟಿ ತೇಲಿಬಿಟ್ಟಿದ್ದ ಬೆಂಡು ಮುಳುಗಿತು. ಎಳೆದೆವು. ಅಂಗೈ ಅಗಲದ್ದು, ಪಟಪಟ ಒದ್ದಾಡುತ್ತಿತ್ತು.

"ಜಿಲೇಬಿ ಕಣೇ ಚಿನ್ನು!"

ಅವಳು ಡಬ್ಬಿಯೊಳಗೆ ನೋಡಿದಳು, ಮೀನನ್ನು ನೋಡಿದಳು. "ಇದು ಮೀನು. ಜಿಲೇಬಿ ಎಲ್ಲಿ?"

ಆಗ ಹೊಳೆಯಿತು. "ಹೊಳೇಲಿ ಜಿಲೇಬಿ ರಾಶಿ ಸಿಗುತ್ತೆ, ಬಾ ಹಿಡಿಯೋಣ" ಎಂದು ಫೋನಿನಲ್ಲಿ ಆಸೆ ತೋರಿಸಿದ್ದವನು ನಾನೇ. ಆಫ್ರಿಕಾ ಮೂಲದ ಈ ಮೀನಿಗೆ ನಮ್ಮವರು ಯಾವ ಹಸಿವಿನಲ್ಲಿ ಈ ಹೆಸರಿಟ್ಟರೋ ಗೊತ್ತಿಲ್ಲ. ಸುರುಳಿ ಇಲ್ಲ, ಪಾಕ ಇಲ್ಲ. ಮಗು ಮಾತ್ರ ಮಿಠಾಯಿ ಅಂಗಡಿಯ ಮುಂದೆ ಕೂತಂತೆ ಮಧ್ಯಾಹ್ನವಿಡೀ ಕೂತಿತ್ತು.

ಅಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಚಿನ್ನುವಿನ ತುಟಿ ಅದುರಿತು. ಭಾವ ಕೀಲಿ ತೆಗೆದೇಬಿಟ್ಟರು. "ನಡೀರಿ, ದಾರೀಲಿ ಬೇಕರಿ ಐತೆ, ಅಲ್ಲೇ ಕೊಡಿಸ್ತೀನಿ."

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಚಿನ್ನು ಮೂಗು ಒರೆಸಿಕೊಂಡಳು.

"ಬೇಕರೀದು ಬ್ಯಾಡ. ಮಾವ, ಇದನ್ನ ನೀರಿಗೆ ಬಿಟ್ಬಿಡು. ಇನ್ನೊಂದ್ಸಲ ಹಾಕು, ಈ ಸಲ ಸಿಹೀದು ಬರ್ಬೋದು."

ಭಾವ ಮಗಳನ್ನೇ ನೋಡುತ್ತಾ ನಿಂತರು. ಆಮೇಲೆ ಕೀಲಿ ಜೇಬಿಗೆ ಹಾಕಿ, ಪಂಚೆ ಎತ್ತಿ ಕಟ್ಟಿ, ಅವಳ ಪಕ್ಕ ಕೂತರು. "ನಂಗೂ ಒಂದು ಗಾಳ ಕೊಡಪ್ಪ, ನೋಡೇಬಿಡನ."

ಗಾಳ ಹಾಕುವ ನಾವೆಲ್ಲ ಹೀಗೇ. ಬಂದದ್ದನ್ನು ಬಿಟ್ಟು, ಹೊಳೆಯಲ್ಲಿ ಇಲ್ಲದ್ದಕ್ಕೇ ಇನ್ನೊಮ್ಮೆ ಕಾಯುತ್ತೇವೆ. ಇದನ್ನು ನನಗೆ ಯಾವ ವಿಡಿಯೋವೂ ಹೇಳಿರಲಿಲ್ಲ.

ನಿಮ್ಮ ಮನೆಯ ಮಕ್ಕಳು ಯಾವ ಮಾತನ್ನು ನಂಬಿ ನಿಮ್ಮ ಹಿಂದೆ ಹೊರಟಿದ್ದರು, ಕೊನೆಗೆ ಅವರ ಕೈಗೆ ಸಿಕ್ಕಿದ್ದೇನು? ನಾಚಿಕೆ ಬಿಟ್ಟು ಬರೆದು ಕಳಿಸಿ, ನಾನೂ ಬಿಟ್ಟಿದ್ದೇನೆ.