ಹಸನಾಕರ ಉಗುರಿಲ್ಲದ ಡ್ರ್ಯಾಗನ್

ನನಗೆ ಬರೆಯಲು ಹೇಳಬೇಡಿ ಅಂದಿದ್ದೆ.
ಐದನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಮಲ್ಪೆಯಿಂದ ಮೀನಿನ ಲಾರಿ ಓಡಿಸಿದವ.
ಮೊಬೈಲಿನಲ್ಲಿ ಒಂದು ಸಾಲು ಒತ್ತುವಷ್ಟರಲ್ಲಿ ಚಹಾ ತಣಿಯುತ್ತದೆ...
ಆದರೆ ನಮ್ಮ ಹಳೆ ವಸ್ತು ಸಂಗ್ರಹದ ಗ್ರೂಪಿನ ಅಡ್ಮಿನ್ ರಮಾನಂದನ ಆರ್ಡರ್. ಹಸನಾಕರ ಬಗ್ಗೆ ಎಲ್ಲರೂ ಎರಡೆರಡು ಸಾಲು ಬರೆಯಬೇಕಂತೆ.
ಸರಿ ಮಾರಾಯ, ಬರೆಯುತ್ತೇನೆ.
ಎರಡು ಸಾಲಿಗೆ ನಿಲ್ಲುವುದಿಲ್ಲ.

ಹಸನಾಕ ಇಲ್ಲ ಅಂದರೆ ನಂಬುವುದು ಹೇಗೆ...
ಮೊನ್ನೆಯಷ್ಟೇ ಫೋನಿನಲ್ಲಿ ಬೈದಿದ್ದರು, ಕಾಪುವಿನಿಂದ ಹೂಡೆಗೆ ಬರಲು ನಿನಗೆ ವೀಸಾ ಬೇಕಾ ಅಂತ.
ಇವತ್ತು ಬೆಳಿಗ್ಗೆ ಅವರ ಮಗಳು ಸಫಿಯಾಳ ಫೋನ್.
ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಕೊಟ್ಟು ಬಂದೆವು...
ಅವರ ಜಗಲಿಯಲ್ಲೇ ಕೂತು ಇದನ್ನು ಒತ್ತುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹಸನಾಕ ಹಡಗಿನಲ್ಲಿ ಅಡುಗೆಯವರು.
ಹಡಗು ಜಪಾನಿಗೆ ಹೋದಾಗ ಉಳಿದವರು ರೇಡಿಯೋ ತಂದರು. ಇವರು ತಂದದ್ದು ಬೆಂಕಿಕಡ್ಡಿ ಇಡುವ ಹಳೆಯ ಡಬ್ಬಿ.
ಹಿತ್ತಾಳೆಯದ್ದು, ತಾಮ್ರದ್ದು, ಬೆಳ್ಳಿಯದ್ದು... ಬೆರಳುದ್ದ. ಮೇಲೆ ಏಡಿ, ಕಪ್ಪೆ, ಅಲೆ, ಹೂವು. ಅಡಿಯಲ್ಲಿ ಕಡ್ಡಿ ಗೀರಲು ಗೆರೆಗೆರೆ.
ಮಲ್ಪೆಯ ಗಾಳಿಗೆ ನನ್ನ ಲೈಟರ್ ಹತ್ತದಿದ್ದರೆ ಇವರ ಡಬ್ಬಿ ಹೊರಬರುತ್ತಿತ್ತು.
ನಿನ್ನ ಲೈಟರಿಗೆ ಗಾಳಿ ಕಂಡರೆ ಹೆದರಿಕೆ ಅನ್ನುತ್ತಿದ್ದರು.
ಊರಿಗೆ ಬಂದ ಮೇಲೂ ಹುಚ್ಚು ಬಿಡಲಿಲ್ಲ. ಎಲ್ಲೋ ಒಂದು ಡಬ್ಬಿ ಉಂಟಂತೆ ಅಂತ ಸುದ್ದಿ ಸಿಕ್ಕಿದರೆ ನನ್ನನ್ನು ಎಳೆದುಕೊಂಡು ಕಾರ್ಕಳದ ಗುಜರಿ ಅಂಗಡಿಗೆ ಹೊರಟರು.
ಅಲ್ಲಿ ನೋಡಿದರೆ ನಶ್ಯದ ಡಬ್ಬಿ. ಬೈಗುಳ ನನಗೆ.

ಎಲ್ಲಕ್ಕಿಂತ ಪ್ರೀತಿಯದು ಡ್ರ್ಯಾಗನ್ ಡಬ್ಬಿ. ಕಪ್ಪು ತಿರುಗಿದ ತಾಮ್ರ.
ಹಡಗು ಹೊಯ್ದಾಡುವಾಗ ಜೇಬಿನೊಳಗೆ ಕೈ ಹಾಕಿ ಹೆಬ್ಬೆರಳಿನಲ್ಲಿ ಅದರ ಮುಂಗಾಲು ಉಜ್ಜುತ್ತಾ ಕೂರುತ್ತಿದ್ದರಂತೆ.
ಉಜ್ಜಿ ಉಜ್ಜಿ ಆ ಕಾಲಿನ ಉಗುರೆಲ್ಲ ಸವೆದು ನುಣ್ಣಗಾಗಿತ್ತು...

ಕಳೆದ ವರ್ಷ ಮಣಿಪಾಲದಲ್ಲಿ ಎಕ್ಸಿಬಿಷನ್.
ರಮಾನಂದ ಇದೇ ಜಗಲಿಗೆ ಬಂದ. ಚಹಾ ಕುಡಿದ. ಡಬ್ಬಿ ಹಿಡಿಸಿ ಹಸನಾಕರ ಫೋಟೋ ತೆಗೆದ. ಡಬ್ಬಿ ತೆಗೆದುಕೊಂಡು ಹೋದ.
ವಾಪಸ್ ಬಂದ ಡಬ್ಬಿ ಪಳಪಳ.
ಮನೆಯವಳು ದೇವರ ದೀಪದ ಒಟ್ಟಿಗೆ ಇದನ್ನೂ ಹುಳಿ ಬಿಂಬುಳಿಕಾಯಿ ಹಾಕಿ ತಿಕ್ಕಿಬಿಟ್ಟಳು, ಸಾರಿ ಅಂದ.
ಕೇಳಿದವರೆಲ್ಲ ನಂಬಿದರು. ನಮ್ಮ ಕಡೆ ಯಾರ ಮನೆಯಲ್ಲಿ ತಾಮ್ರಕ್ಕೆ ಬಿಂಬುಳಿ ಹಾಕುವುದಿಲ್ಲ?
ಹಸನಾಕ ಹೆಬ್ಬೆರಳು ಆಡಿಸಿ ನೋಡಿದರು.
"ಇದು ನನ್ನದಲ್ಲ."
ಅಷ್ಟೇ.

ಮರುದಿನ ರಮಾನಂದ ಗ್ರೂಪಿನಲ್ಲಿ ಹಾಕಿದ, ಹಿರಿಯರಿಗೆ ಮರೆವು ಶುರುವಾಗಿದೆ, ಯಾರೂ ತಪ್ಪು ತಿಳಿಯಬಾರದು ಅಂತ. ಜೊತೆಗೆ ಮುಗಿದ ಕೈ ಬೇರೆ.
ಅವರ ಹೆಬ್ಬೆರಳನ್ನು ನೀವು ಯಾರೂ ನಂಬಲಿಲ್ಲ.
ಅವನ ಮೆಸೇಜಿಗೆ ಮಾತ್ರ ನಿಮ್ಮ ಹೆಬ್ಬೆರಳು ಸಾಲಾಗಿ ಬಂತು.

ಹಸನಾಕ...
ಆಮೇಲೆ ನಿಮ್ಮ ಮಾತಿಗೆ ಮನೆಯಲ್ಲೂ ಬೆಲೆ ಹೋಯಿತು ಅಲ್ವಾ.
ಊಟ ಆಯಿತು ಅಂದರೂ ಸಫಿಯಾ ಹೋಗಿ ತಟ್ಟೆ ನೋಡಿ ಬರುತ್ತಿದ್ದಳು.
ಗ್ರೂಪಿನಲ್ಲಿ ಮತ್ತೆ ಒಂದು ಫೋಟೋ ಹಾಕಲಿಲ್ಲ ನೀವು.
ನನ್ನ ಹತ್ತಿರ ಮಾತ್ರ ಕೇಳಿದಿರಿ. "ಸಂಜೀವ, ನನಗೆ ನಿಜವಾಗಿ ಮರೆವಾ?"
ಇಲ್ಲ ಹಸನಾಕ. ಇವತ್ತು ಸಾಕ್ಷಿ ಸಿಕ್ಕಿತು.
ಕೊಟ್ಟವ ಅವನೇ.

ರಮಾನಂದ ಬೆಳಿಗ್ಗೆ ಮೇಣದಬತ್ತಿ ಸಮೇತ ಹಾಕಿದ ಫೋಟೋ ಎಲ್ಲರೂ ತೆರೆಯಿರಿ. ಅದೇ ಜಗಲಿ ಫೋಟೋ.
ಜೂಮ್ ಮಾಡಿ. ಡ್ರ್ಯಾಗನಿನ ಮುಂಗಾಲು ನೋಡಿ. ಉಗುರು ಉಂಟಾ?
ಇಲ್ಲ.
ಅವನು ವಾಪಸ್ ಕೊಟ್ಟ ಡಬ್ಬಿ ಈಗ ನನ್ನ ಕೈಯಲ್ಲಿ ಉಂಟು. ಸಫಿಯಾ ತಂದುಕೊಟ್ಟಳು.
ಇದರ ಉಗುರು ನನ್ನ ಅಂಗಿಯ ನೂಲಿಗೆ ಸಿಕ್ಕಿಕೊಳ್ಳುತ್ತದೆ.
ಬಿಂಬುಳಿ ಕಪ್ಪು ತೆಗೆಯುತ್ತದೆ, ಒಪ್ಪಿದೆ.
ಉಗುರು ಬೆಳೆಸುತ್ತದಾ ಮಾರಾಯ?
ಫೋಟೋ ನೋಡಿದ್ದೇ ಸಫಿಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.
ಅವಳ ಆ ಅಳು ನಿನ್ನ ಲೆಕ್ಕಕ್ಕೆ ರಮಾನಂದ. ಹೆಂಡತಿಯ ಮೇಲೆ ಹಾಕಬೇಡ ಅದನ್ನೂ.

ಫೋಟೋ ಡಿಲೀಟ್ ಮಾಡುವ ಕಷ್ಟ ಬೇಡ. ಸಫಿಯಾಳ ಫೋನಿನಲ್ಲಿ, ನನ್ನ ಫೋನಿನಲ್ಲಿ ಸೇವ್ ಆಗಿದೆ.
ನನ್ನನ್ನು ಗ್ರೂಪಿನಿಂದ ತೆಗೆದರೆ ಇನ್ನೂ ಒಳ್ಳೆಯದು. ಮಣಿಪಾಲದಲ್ಲಿ ನಿನ್ನ ಮನೆ ಬಾಗಿಲು ನನಗೆ ಗೊತ್ತುಂಟು. ನನ್ನ ಸ್ವರ ಮೇಲಿನ ಮಹಡಿಗೂ ಕೇಳುತ್ತದೆ.

ಹಸನಾಕ, ನಿಮ್ಮನ್ನು ಸೃಷ್ಟಿಸಿದವನು ನಿಮ್ಮ ಮಾತು ನಂಬುವವನು. ಅವನ ಹತ್ತಿರ ಶಾಂತಿಯಿಂದ ಮಲಗಿ...
ಇಲ್ಲಿ ಗಲಾಟೆ ಮಾಡಲು ನಾನು ಇದ್ದೇನೆ.

ರಮಾನಂದ, ಡಬ್ಬಿ ಎಲ್ಲಿ?
ಹದಿನೈದನೇ ತಾರೀಕಿನ ಒಳಗೆ ಉತ್ತರ ಬೇಕು. ಇಲ್ಲೇ, ಎಲ್ಲರ ಎದುರು.