ಹೆಚ್ ಅನ್ನುವ ಮನೆ, ಏಚ್ ಅನ್ನುವ ಮನೆ

ನನ್ನ ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಮೊದಲು ಒಂದು ಹೆಚ್ ಇದೆ. ಅದು ಹೊಸಹಳ್ಳಿಯ ಹೆಚ್. ಮಂಡ್ಯದ ಹತ್ತಿರದ ಆ ಊರಿನಲ್ಲಿ ಯಾರೂ ಅದನ್ನು ಹೊಸಹಳ್ಳಿ ಎನ್ನುವುದಿಲ್ಲ. ನಮ್ಮವ್ವನ ಬಾಯಲ್ಲಿ ಅದು ಒಸಳ್ಳಿ. ಹಾಲು ಆಲು, ಹಣ್ಣು ಅಣ್ಣು, ಹೋಗು ಓಗು. ಊರಿನವರು ಯಾರೂ ಉಚ್ಚರಿಸದ ಅಕ್ಷರವೊಂದನ್ನು ನಾನು ಮೆಲ್ಬರ್ನಿನವರೆಗೆ ಹೊತ್ತು ತಂದಿದ್ದೇನೆ.

ಶಾಲೆಯಲ್ಲಿ ಮೇಷ್ಟ್ರು ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಹ’ ಹೇಳಿಸುತ್ತಿದ್ದರು. ಅಂಗೈಗೆ ಬಿಸಿಯುಸಿರು ತಾಗಬೇಕು. ತಾಗದಿದ್ದರೆ ಇನ್ನೊಮ್ಮೆ, ಆಮೇಲೆ ಬೆತ್ತ. ಹೆದರಿಕೆಯಲ್ಲಿ ನಾನು ಕಂಡಕಂಡದ್ದಕ್ಕೆಲ್ಲ ಹಕಾರ ಹಚ್ಚತೊಡಗಿ ಆನೆಯನ್ನು ಹಾನೆ ಅಂದೆ. ಇಡೀ ತರಗತಿ ನಕ್ಕಿತು. ಹಾಗೆ ಅಂದದ್ದು ನಾನೋ, ಪಕ್ಕದಲ್ಲಿ ಕೂರುತ್ತಿದ್ದ ದೊಡ್ಡಪ್ಪನ ಮಗಳೋ, ಈಗ ಖಚಿತವಿಲ್ಲ. ನಕ್ಕ ಸದ್ದು ಮಾತ್ರ ಕಿವಿಯಲ್ಲಿದೆ. ಆದ್ದರಿಂದ ತಪ್ಪು ನನ್ನದೇ ಇರಬೇಕು ಎಂದುಕೊಂಡು ಬಂದಿದ್ದೇನೆ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನ್ನ ಬಳಿ ಯಾವುದಕ್ಕೂ ಇಲ್ಲ.

ಇಲ್ಲಿ ನಾನು ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕಿ. ಬ್ರಿಟನ್ನಿನಿಂದ ಬಂದವರ ಮೊಮ್ಮಕ್ಕಳು ಮತ್ತು ಐರ್ಲೆಂಡಿನಿಂದ ಬಂದವರ ಮೊಮ್ಮಕ್ಕಳು ಈಗ ಹೇಗಿದ್ದಾರೆ, ಯಾರು ಎಲ್ಲಿಯತನಕ ಓದಿದರು, ಯಾರಿಗೆ ಯಾವ ಕೆಲಸ ಸಿಕ್ಕಿತು, ಯಾರು ಎಂಥ ಮನೆ ಕಟ್ಟಿಕೊಂಡರು ಎಂದು ಹೋಲಿಸಿ ನೋಡುವುದು ನಮ್ಮ ಪ್ರಾಜೆಕ್ಟು. ಸಿಡ್ನಿ, ಮೆಲ್ಬರ್ನ್‌ಗಳ ಹಿರಿಯರ ಮನೆಗೆ ಹೋಗಿ ಕೇಳಿ, ರೆಕಾರ್ಡ್ ಮಾಡಿ, ಟೈಪ್ ಮಾಡಿ ಕೊಡುವುದು ನನ್ನ ಪಾಲು. ಕೆಲಸ ಕಾಂಟ್ರಾಕ್ಟಿನದು. ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಗಂಡ ಮತ್ತು ಮಗಳ ವೀಸಾ ನನ್ನದಕ್ಕೆ ಅಂಟಿಕೊಂಡದ್ದು. ಆ ಚಳಿಗಾಲ ಮುಗಿಯುವ ಹೊತ್ತಿಗೆ ಕಾಂಟ್ರಾಕ್ಟೂ ಮುಗಿಯುವುದಿತ್ತು. “ಎರಡೂ ಕಡೆಯ ಮನೆಗಳು ಪೂರ್ತಿ ಬರಲಿ, ಆಮೇಲೆ ಮುಂದುವರಿಸೋದು ನೋಡೋಣ,” ಎಂದಿದ್ದರು ಪ್ರೊಫೆಸರ್. ಆ ‘ನೋಡೋಣ’ದ ಮೇಲೆ ಮೆಲ್ಬರ್ನಿನ ಪಶ್ಚಿಮದಂಚಿನ ಟ್ರುಗನಿನಾದ ನಮ್ಮ ಬಾಡಿಗೆ ಮನೆ, ಮಗಳ ಶಾಲೆ, ಗಂಡನ ವೇರ್‌ಹೌಸ್ ಶಿಫ್ಟು, ಇಲ್ಲೇ ಕಾಯಂ ಉಳಿಯಲು ಇನ್ನೂ ಅರ್ಜಿಯನ್ನೇ ಹಾಕದ ಪಿಆರ್ ಎಲ್ಲವೂ ನಿಂತಿದ್ದವು. ಇಮೇಲ್ ಬಂದ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಫೋನ್ ತೆರೆಯುತ್ತಿದ್ದೆ.

ಬ್ರಿಟಿಷ್ ಕಡೆಯ ಮನೆ ಸಿಡ್ನಿಯಲ್ಲಿತ್ತು, ಅದರ ಮುಂದೆ ದೊಡ್ಡ ಜಕರಾಂಡಾ ಮರವಿತ್ತು. ಅಥವಾ ಅದು ಪಕ್ಕದ ಮನೆಯದು. ಒಳಗಿದ್ದ ಅಜ್ಜಿ ಬಿಳಿ ಕೂದಲನ್ನು ಒಪ್ಪವಾಗಿ ಬಾಚಿ, ಹೊರಗೆ ಹೋಗುವವರಂತೆ ಬೂಟು ಹಾಕಿಕೊಂಡು ಕೂತಿದ್ದರು. ಅವರ ತಾತ ಇಂಗ್ಲೆಂಡಿನಿಂದ ಬಂದಾಗ ಬಂದರಿನಲ್ಲೇ ಗುಮಾಸ್ತೆಯ ಕೆಲಸ ಕಾಯುತ್ತಿತ್ತಂತೆ. ತಂದೆ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟರು. ಅಣ್ಣ ಬ್ಯಾಂಕಿನಲ್ಲಿ ಮೇಲಕ್ಕೇರಿದ. ಇದೆಲ್ಲ ತಿಳಿದದ್ದು ಆಮೇಲೆ. ಮೊದಲು ಅವರು ನನ್ನ ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದರು. ನಾನು ಒಂದೊಂದೇ ಅಕ್ಷರ ಹೇಳತೊಡಗಿದೆ. ಮೊದಲನೆಯದೇ ಹೆಚ್.

ಅವರು ಪೆನ್ನು ಕೆಳಗಿಟ್ಟರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಮಟ್ಟಿಗೆ ಇದು ಅವರ ಮಾತಲ್ಲ.

“ಕಾನ್ವೆಂಟಿನಲ್ಲಿ ಓದಿದ್ದಾ, ಡಿಯರ್? ನನ್‌ಗಳ ಹತ್ರ?”

“ಇಲ್ಲ. ಸರ್ಕಾರಿ ಶಾಲೆ.”

“ಮತ್ತೆ ಹೆಚ್ ಅಂದೆಯಲ್ಲ!” ಅವರು ಚಿಕ್ಕ ಹುಡುಗಿಯಂತೆ ನಕ್ಕರು. “ನಾವು ಏಚ್ ಅಂತೀವಿ. ಉಸಿರಿಲ್ಲದೆ. ಹೆಚ್ ಅನ್ನೋರು ಐರಿಷ್ ಕ್ಯಾಥೊಲಿಕ್ಕರು. ನಮ್ಮಪ್ಪ ಕೆಲಸ ಕೇಳಿಕೊಂಡು ಬಂದವರ ಧರ್ಮ ಯಾವತ್ತೂ ಕೇಳಿದವರಲ್ಲ, ತುಂಬ ಮರ್ಯಾದಸ್ಥರು. ‘ಹ್ಯಾಮರ್’ ಸ್ಪೆಲ್ಲಿಂಗ್ ಹೇಳು ಅನ್ನೋರು, ಅಷ್ಟೆ.”

“ಹೇಳಿದರೆ?”

“ಹೆಚ್ ಅಂದ್ರೆ, ಅಯ್ಯೋ ಪಾಪ, ಕೆಲಸ ಈಗಷ್ಟೇ ಭರ್ತಿ ಆಯ್ತಲ್ಲ ಅಂತ ಒಂದು ಪೆಪ್ಪರ್‌ಮಿಂಟ್ ಕೊಟ್ಟು ಕಳಿಸೋರು. ಈಗ ಅದೆಲ್ಲ ಯಾರಿಗೆ ಬೇಕು? ನನ್ನ ಸೊಸೆಯೇ ಅವರ ಪೈಕಿ.”

ಒಳ್ಳೆಯ ಹೆಂಗಸು. ಹೊರಡುವಾಗ ಕೇಕಿನ ಎರಡು ತುಂಡು ಕಟ್ಟಿ ಕೊಟ್ಟರು. ನಾನು ಅದನ್ನು ಮೆಲ್ಬರ್ನಿಗೆ ಮರಳುವ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು, ಈ ದೇಶಕ್ಕೆ ಬಂದಾಗಿನಿಂದ ಎಷ್ಟು ಕಡೆ ಫೋನಿನಲ್ಲಿ ಹೆಸರು ಸ್ಪೆಲ್ ಮಾಡಿ ಹೇಳಿದ್ದೇನೆ ಎಂದು ನೆನೆಯುತ್ತಿದ್ದೆ. ಬಾಡಿಗೆ ಮನೆ ಕೊಡದ ಏಜೆಂಟರು. ‘ಬೇರೆಯವರನ್ನು ಆರಿಸಿದ್ದೇವೆ’ ಎಂದ ಕಾಲೇಜುಗಳು. ನನ್ನ ಮೈಬಣ್ಣ, ನನ್ನ ಡಿಗ್ರಿ, ನನ್ನ ಉಚ್ಚಾರ ಎಂದು ಒಂದೊಂದಕ್ಕೂ ಒಂದು ಕಾರಣ ಕೊಟ್ಟುಕೊಂಡು ಸಮಾಧಾನವಾಗಿದ್ದೆ. ಈಗ ನನಗೆ ಗೊತ್ತೇ ಇರದಿದ್ದ ಇನ್ನೊಂದು ಬಾಗಿಲು ತೆರೆಯಿತು. ಅದರಾಚೆ ಇನ್ನೆಷ್ಟು ಇವೆಯೋ! ಪ್ರೊಫೆಸರ್ ಯಾವ ಕಡೆಯವರು? ಅವರು ನನ್ನನ್ನು ಮೊದಲ ಸಲ ಮಾತಾಡಿಸಿದಾಗ ಏನು ಕೇಳಿಸಿಕೊಂಡರು?

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಗಂಡ ಪಾತ್ರೆ ತೊಳೆಯುತ್ತ ಹೇಳಿಕೊಡುತ್ತಿದ್ದರು. ಅವರು ಬೆಂಗಳೂರಿನವರು.

“ಏಚ್ ಅನ್ನು. ಸಿಂಪಲ್. ಹಾ ಹಾಕ್ಬೇಡ.”

“ಹಾಕ್ಬಾರ್ದು ಅಂತಾನೇ ಒದ್ದಾಡ್ತಿದೀನಿ ರೀ.”

“ನಿಮ್ ಮಂಡ್ಯದವ್ರಿಗೆ ಈಸಿ ಅಲ್ವೇನೇ? ಹಕಾರ ನುಂಗೋದ್ರಲ್ಲಿ ನೀವು ವರ್ಲ್ಡ್ ಫೇಮಸ್ಸು.”

“ಆ ನುಂಗಿದ್ದನ್ನ ಕಕ್ಕಿಸೋಕೆ ನಮ್ ಮೇಷ್ಟ್ರು ಎಷ್ಟು ಬಡಿದಿದಾರೆ ಗೊತ್ತಾ? ಈಗ ಮತ್ತೆ ನುಂಗು ಅಂದ್ರೆ?”

ಮಗಳು ಐಪ್ಯಾಡಿನಿಂದ ತಲೆಯೆತ್ತದೆ ಅಂದಳು: “ಅಮ್ಮಾ, ಸಮ್ ಕಿಡ್ಸ್ ಸೇ ಹೆಚ್. ಮಿಸ್ ಕರೆಕ್ಟ್ಸ್ ದೆಮ್. ಎವ್ರಿ ಟೈಮ್.”

“ನಿನ್ನನ್ನ?”

“ನಾಟ್ ಎನಿಮೋರ್.”

ಅದೇ ವಾರ, ಮಂಡ್ಯದಲ್ಲಿ ಅಣ್ಣನ ಮನೆಯಲ್ಲಿರುವ ಅವ್ವ ವಿಡಿಯೋ ಕಾಲ್ ಮಾಡಿದಳು. ಸುತ್ತ ಅಣ್ಣನ ಮಕ್ಕಳ ಗಲಾಟೆ. “ಆಲು ಕುಡಿದ್ಯಾ ಕಂದ?” ಎಂದು ಮೊಮ್ಮಗಳನ್ನು ಕೇಳಿದಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಬಿದ್ದು ಬಿದ್ದು ನಕ್ಕಳು. “ನಾಟ್ ಆಲು, ಅಜ್ಜಿ! ಹಾಲು. ಹಾ! ಹಾ!” ಎಂದು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದಳು. ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಕಲಿಸಿರಲಿಲ್ಲ ಎಂದೇ ಬರೆಯುತ್ತೇನೆ. ಅವ್ವ “ಆಯ್ತು ಕಣವ್ವ, ಓದ್ದೋರು ನೀವು,” ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟಳು.

ಮೆಲ್ಬರ್ನಿನ ಮನೆ ಉಳಿದಿತ್ತು. ಐರಿಷ್ ಕಡೆಯಲ್ಲಿ ತಾತ, ಮುತ್ತಾತರವರೆಗೆ ಬಾಯಿಮಾತಿನಲ್ಲಿ ಹೇಳಬಲ್ಲವರು ಆ ಒಬ್ಬ ಮುದುಕರೇ. ಅವರು ಬಿಟ್ಟುಹೋದರೆ ನಮ್ಮ ಹೋಲಿಕೆಯ ತಕ್ಕಡಿಯಲ್ಲಿ ಒಂದು ತಟ್ಟೆ ಖಾಲಿ. ಬಾಕ್ಸ್ ಹಿಲ್‌ನಲ್ಲಿ ರೈಲಿಳಿದು ಬಸ್ಸು ಹಿಡಿದೆ. ಎರಡಂತಸ್ತಿನ ಇಟ್ಟಿಗೆಯ ಮನೆ, ಕತ್ತರಿಸಿದ ಗುಲಾಬಿ ಗಿಡಗಳು. ಅವರು ಬಾಗಿಲಲ್ಲೇ ಕೈ ಕುಲುಕಿ, ಇಲ್ಲಿನ ಮುದುಕರು ಎಲ್ಲ ಹೆಂಗಸರನ್ನೂ ಕರೆಯುವಂತೆ ‘ಲವ್’ ಎಂದು ಕರೆದು, ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದರು. ಸಿಡ್ನಿಯ ಅಜ್ಜಿಯ ಮನೆಯಲ್ಲಿದ್ದಂಥದ್ದೇ ಕೆಟಲ್. ಅದೇ ಬಿಸ್ಕತ್ತು. ಸೊಂಟದ ಆಪರೇಷನ್ನಿನ ಬಗ್ಗೆ ಅದೇ ದೂರು.

ಹೆಸರು ಕೇಳಿದರು. ನಾನು ವಾರವಿಡೀ ಉಜ್ಜಿ ಇಟ್ಟುಕೊಂಡಿದ್ದ ಅಕ್ಷರವನ್ನು ಹೊರತೆಗೆದೆ. “ಏಚ್,” ಎಂದೆ.

ಅವರ ಕೈ ಕೆಟಲ್ಲಿನ ಮೇಲೆ ನಿಂತಿತು.

“ಯಾರು ಕಲಿಸಿದ್ದು, ಲವ್?”

“ಏನನ್ನ?”

“ಆ ಅಕ್ಷರ. ಏಚ್.” ಮೂಗಿನಿಂದ ಎಳೆದು ಅಣಕಿಸಿದರು. “ನಮ್ಮಪ್ಪನನ್ನ ಬಾಗಿಲಿಂದ ಆಚೆ ಕಳಿಸಿದೋರೆಲ್ಲ ಹೀಗೇ ಅನ್ನುತ್ತಿದ್ದದ್ದು. ಯೂನಿವರ್ಸಿಟಿಯೋರು ಇವತ್ತಿಗೂ ಅಂಥ ಬಾಯನ್ನೇ ಹುಡುಕಿ ಹಿಡಿತಾರೆ, ಅಲ್ವಾ?”

ನಗುತ್ತಲೇ ಅಂದರು. ಆದರೆ ಒಂದು ಬೆರಳಿನಿಂದ ನನ್ನ ರೆಕಾರ್ಡರನ್ನು ಮೇಜಿನ ಅಂಚಿಗೆ ತಳ್ಳಿದರು. “ಇದು ಇವತ್ತು ಬೇಡ. ಯೋಚನೆ ಮಾಡಿ ನಿಮ್ಮ ಪ್ರೊಫೆಸರಿಗೇ ಹೇಳ್ತೀನಿ.”

ಮುಂದಿನದು ನನಗೆ ಎರಡು ಥರ ನೆನಪಿದೆ. ಕ್ರೇಗಿಬರ್ನ್‌ನಲ್ಲಿ ಕನ್ನಡದ ಸ್ನೇಹಿತರ ಮನೆಯ ಊಟದಲ್ಲಿ ಹೇಳಿದ್ದು ಒಂದು ಥರ. ಅದರಲ್ಲಿ ನಾನು ಒಸಳ್ಳಿಯ ಕತೆ, ಅವ್ವನ ಆಲಿನ ಕತೆ, ಹಾನೆಯ ಕತೆ ಎಲ್ಲ ಹೇಳುತ್ತೇನೆ. ಮುದುಕರು ಕಣ್ಣೊರೆಸಿಕೊಂಡು ನಗುತ್ತಾರೆ. ಕೇಳಿದ ಆಂಟಿಯರೂ ನಕ್ಕರು, ಇನ್ನೊಂದು ಹೋಳಿಗೆ ಬಡಿಸಿದರು. ಆ ಕತೆಯನ್ನು ನಾನು ಕಟ್ಟಿದ್ದು ಕ್ರೇಗಿಬರ್ನ್‌ಗೆ ಹೋಗುವ ಕಾರಿನಲ್ಲಿ. ಅಡುಗೆಮನೆಯಲ್ಲಿ ನಡೆದದ್ದು ಇಷ್ಟು. ಮಗಳ ಶಾಲೆಯ ಚೀಲ ಕಣ್ಮುಂದೆ ಬಂತು. “ಸಾರಿ. ಹೆಚ್. ನಮ್ಮ ಕಡೆ ಹೆಚ್ ಅಂತಾನೇ ಅನ್ನೋದು,” ಎಂದೆ. ಅದು ನಿಜವೇ. ಹೆದರಿ ಹೇಳಿದ್ದರಿಂದ ನನ್ನ ಬಾಯಲ್ಲಿ ಅದು ಸುಳ್ಳಿನಂತೆ ಕೇಳಿಸಿತು.

ಅವರು ನನ್ನ ಮುಖವನ್ನು ನೋಡಿದರು. ರೆಕಾರ್ಡರನ್ನು ತಾವೇ ಹತ್ತಿರ ಎಳೆದರು.

ಆಮೇಲೆ ಮಾತು ಹರಿಯಿತು. ತಾತ ಬಂದರಿನಲ್ಲಿ ಮೂಟೆ ಹೊತ್ತದ್ದು. ಊರ ನಡುವಿನ ಇಕ್ಕಟ್ಟಿನ ಗಲ್ಲಿಯ ಮನೆಯಲ್ಲಿ ಮಕ್ಕಳು ಒಂದೇ ಮಂಚದಲ್ಲಿ ತಲೆ-ಕಾಲು ಅದಲುಬದಲಾಗಿ ಮಲಗುತ್ತಿದ್ದದ್ದು. “ಆ ಗೂಡಿನಂಥ ಮನೇನ ಈಗ ಕೊಳ್ಳೋಕೆ ನನ್ನ ಲಾಯರ್ ಮಗನ ಕೈಲೂ ಆಗಲ್ಲ, ಲವ್!” ತಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮನೆಯೊಳಗೆ ಹೆಚ್, ಮನೆಯ ಹೊರಗೆ ಏಚ್ ಎಂದು ಕಲಿಸಿದ್ದು. ಒಂದು ಸಲ ಅವರ ಅಕ್ಕ ಪ್ರಾರ್ಥನೆಯ ಹೊತ್ತಿನಲ್ಲಿ ತಪ್ಪಿ ಹೊರಗಿನದನ್ನು ಆಡಿ ಕೆನ್ನೆಗೆ ಏಟು ತಿಂದದ್ದು. ಕೇಳುತ್ತ ಕೇಳುತ್ತ ನನಗೆ ಹೆದರಿಕೆ ಇಳಿಯುತ್ತಿತ್ತು. ಇವರ ಮಗ ಲಾಯರು, ಮಗಳು ದಂತವೈದ್ಯೆ. ಮೂರು ತಲೆಮಾರು ತಡೆದುಕೊಂಡರೆ ಸಾಕು, ನಾವೂ ದಡ ಸೇರುತ್ತೇವೆ ಎಂದುಕೊಂಡೆ.

ಆಗ ಅವರು ಕಿಟಕಿಯಾಚೆ ಬಾಕ್ಸ್ ಹಿಲ್‌ನ ಎತ್ತರದ ಅಪಾರ್ಟ್‌ಮೆಂಟುಗಳ ಕಡೆ ಗಲ್ಲ ಎತ್ತಿದರು. “ಈಗ ಬರೋರು ಬೇರೆ ಥರ. ಪಶ್ಚಿಮದ ಕಡೆ ನೋಡಿ, ಟ್ರುಗನಿನಾನೋ ಏನೋ. ಒಂದೊಂದು ಮನೇಲಿ ಮೂರು ಮೂರು ಸಂಸಾರ. ನಮ್ಮ ಹಾಗೆ ಕಷ್ಟಪಟ್ಟು ಮೇಲೆ ಬರೋ ಜನ ಅಲ್ಲ. ನಿಮಗೆ ಹೇಳಿದ್ದಲ್ಲ ಲವ್, ನೀವು ನಮ್ಮೋರ ಥರ. ಅಂದ ಹಾಗೆ ನೀವಿರೋದು ಎಲ್ಲಿ?”

ನನ್ನ ನೆನಪಿನಲ್ಲಿ ನಾನು ‘ಟ್ರುಗನಿನಾ’ ಎಂದಿದ್ದೇನೆ, ತಲೆಯೆತ್ತಿ. ರೆಕಾರ್ಡಿಂಗಿನಲ್ಲಿ ಟೀ ಕಪ್ ಸಾಸರಿಗೆ ತಾಗಿದ ಸದ್ದು, ಆಮೇಲೆ ನನ್ನ ದನಿ: “ಇಲ್ಲೇ ಹತ್ತಿರ. ಬಾಕ್ಸ್ ಹಿಲ್.”

ಟೈಪ್ ಮಾಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ‘ಹೆಚ್’ಗೂ ‘ಏಚ್’ಗೂ ಇರುವುದು ಒಂದೇ ಅಕ್ಷರ. ಅಜ್ಜಿಯ ತಂದೆಯ ಪೆಪ್ಪರ್‌ಮಿಂಟು, ಅಕ್ಕನ ಕೆನ್ನೆಯ ಏಟು, ಅಂಚಿಗೆ ತಳ್ಳಿದ ರೆಕಾರ್ಡರು ಎಲ್ಲ ಕೀಬೋರ್ಡಿನ ಆ ಒಂದು ಕೀಲಿಯೊಳಗೆ ಮುಚ್ಚಿಹೋಗುತ್ತಿದ್ದವು. ಅವರು ಅಂದದ್ದನ್ನು ಅಂದ ಹಾಗೆ ಬರೆದರೆ ಹಾಳೆಯಲ್ಲಿ ಅರ್ಥವೇ ಆಗುತ್ತಿರಲಿಲ್ಲ. ಪ್ರತಿ ಸಲವೂ ಪಕ್ಕದಲ್ಲಿ ಟಿಪ್ಪಣಿ ಹಾಕಿದೆ.

ಪ್ರೊಫೆಸರ್ ಎರಡೂ ಮನೆಗಳ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಾನು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದೆ. “ಅದ್ಭುತ,” ಎಂದರು. “ಅಷ್ಟೇ ರೂಮುಗಳು, ಅಂಥದೇ ಕೆಲಸಗಳು, ಮಕ್ಕಳು ಅಷ್ಟೇ ಓದಿದವರು. ತಾತಂದಿರ ಅಂತರ ಪೂರ್ತಿ ಕರಗಿಹೋಗಿದೆ.”

“ರೆಕಾರ್ಡಿಂಗ್ ಕೇಳಿದಿರಾ?” ಎಂದೆ. “ಕರಗಿಲ್ಲ ಅನ್ಸುತ್ತೆ ನಂಗೆ. ಟಿಪ್ಪಣಿಗಳಲ್ಲಿ ಬರೆದಿದ್ದೀನಿ.”

“ಉಚ್ಚಾರದ್ದಾ? ಸ್ವಾರಸ್ಯವಾಗಿದೆ. ಆದರೆ ಅದನ್ನ ಅಳೆಯೋದು ಹೇಗೆ?” ಅವರು ಕನ್ನಡಕ ತೆಗೆದರು. “ಇನ್ನೊಂದು ವರ್ಷ ಇರ್ತೀರಲ್ಲ? ಮುಂದಿನ ಹಂತದಲ್ಲಿ ಹೊಸಬರು. ಪಶ್ಚಿಮದ ಸಬರ್ಬುಗಳು, ಟ್ರುಗನಿನಾ ಆ ಕಡೆ. ನಿಮ್ಮ ಭಾಷೆಯವರು ಅಲ್ಲಿ ಬಹಳ ಇದ್ದಾರಂತೆ. ಬಾಯಿ ತೆರೆದ ಕೂಡಲೇ ಯಾರು ಎಂಥವರು ಅಂತ ನಿಮಗೆ ಗೊತ್ತಾಗಿಬಿಡುತ್ತೆ, ಅಲ್ವಾ?”

ಗೊತ್ತಾಗುತ್ತದೆ. ಆಲು ಅನ್ನುವವರು, ಹಾಲು ಅನ್ನುವವರು, ‘ನಿಮ್ಮದು ಯಾವ ಕಡೆ’ ಎಂದು ಊಟದ ಮೊದಲು ಕೇಳುವವರು, ಊಟ ಆದಮೇಲೆ ಕೇಳುವವರು. ನಾನು ಹೂಂ ಎಂದೆ.

ಗಂಡ ಸುದ್ದಿ ಕೇಳಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, “ಮೊದ್ಲು ಅವ್ವಂಗೆ ಫೋನ್ ಮಾಡೇ,” ಎಂದರು. ಸ್ಪೀಕರಿಗೆ ಹಾಕಿದೆ. ಮಗಳು ಸೋಫಾದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದಳು. ಇನ್ನೊಂದು ವರ್ಷ ಸಿಕ್ಕಿತು ಅವ್ವ, ಎಂದೆ. ಆ ಕಡೆ ಎಂದಿನ ಗಡಿಬಿಡಿಯ ಮಾತಿಲ್ಲ. ಕತ್ತಲೆಯಲ್ಲಿ ಗೋಡೆ ತಡಕುವವಳಂತೆ ಅವ್ವ ಒಂದೊಂದೇ ಮಾತನ್ನು ಮುಟ್ಟಿ ನೋಡಿ ಇಡುತ್ತಿದ್ದಳು.

“ಹಂಗಾರೆ... ಇನ್ನೊಂದ್ ವರ್ಸ... ಹಲ್ಲೇ ಇರ್ತೀರಿ ಹನ್ನು.”

ಇಲ್ಲದ ಕಡೆಗೂ ಹಕಾರ ಬಂದಿತ್ತು, ಶಾಲೆಯ ಆ ಹಾನೆಯಂತೆ. ಮಗಳ ಕೈಯ ಬಣ್ಣದ ಕಡ್ಡಿ ನಿಂತಿತು. ಅವಳು ತಲೆಯೆತ್ತಿದಳು. ಅವಳ ತುಟಿ ಬಿಚ್ಚುವುದನ್ನು ನೋಡುತ್ತ ನಾನು ಸ್ಪೀಕರ್ ಆರಿಸುವ ಗುಂಡಿಗಾಗಿ ಫೋನಿನ ಮೇಲೆಲ್ಲ ಬೆರಳಾಡಿಸುತ್ತಿದ್ದೆ.