ಓಸ್ಗೆಲ್ಡ್ ಗುರುಗಳು ತಲೆಯೆತ್ತಿ ನೋಡದ ಛಾವಣಿ

ಹಂಬರ್ ನದಿಯ ಉತ್ತರಕ್ಕೆ ಯಾವ ಕ್ರೈಸ್ತ ದೇವಾಲಯಕ್ಕೆ ಹೋದರೂ ಅಲ್ಲಿನ ಗುರು ಒಂದೋ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಓಸ್ಗೆಲ್ಡ್ ಅವರ ಶಿಷ್ಯ, ಇಲ್ಲವೇ ಅವರ ಶಿಷ್ಯರ ಶಿಷ್ಯ. ವಯೋಭಾರದಿಂದ ಅವರು ಪೀಠವಿಳಿಯುತ್ತಿರುವ ಈ ಸಂದರ್ಭದಲ್ಲಿ ಮಠದ ಸಹೋದರರು ಅರ್ಪಿಸುತ್ತಿರುವ ಸಂಪುಟಕ್ಕೆ ಬರೆಯುವ ಭಾಗ್ಯ ನನ್ನದಾಯಿತು. ಅನುಮತಿ ಬೇಡಲು ಹೋದಾಗ ಅವರು ತಲೆತಗ್ಗಿಸಿಕೊಂಡೇ ಹೇಳಿದರು:

"ಬರೆಯೋದಾದ್ರೆ ಲುಲ್ಲನ ವಿಷಯ ಬರಿ, ಬಿಯೊನ್ನ. ಅದನ್ನ ಬಿಟ್ಟು ಹೊಗಳಿದ್ರೆ ನಾನು ಆ ಪುಸ್ತಕ ಮುಟ್ಟೋದಿಲ್ಲ."

ಕಡಲತೀರದ ಮೀನುಗಾರರ ಮನೆಯಲ್ಲಿ ಹುಟ್ಟಿ, ಪಿಡುಗಿನಲ್ಲಿ ಹೆತ್ತವರನ್ನು ಕಳೆದುಕೊಂಡು, ಮಠದ ಆಶ್ರಯದಲ್ಲಿ ಬೆಳೆದ ಅವರು ಮೊದಲು ನಮ್ಮ ಪಾಠಶಾಲೆಯ ಗುರುಗಳಾಗಿದ್ದರು. ಜ್ವರದಲ್ಲಿ ಬರೆಯುತ್ತ ನಾನೊಮ್ಮೆ ಬೆಲೆಬಾಳುವ ಕರುವಿನ ಚರ್ಮದ ಹಾಳೆಯ ಮೇಲೆ ಶಾಯಿ ಚೆಲ್ಲಿದಾಗ, ಅವರು ಬೈಯದೆ ಹಾಳೆಯನ್ನು ಮಗುಚಿಟ್ಟು, ಬಾರ್ಲಿ ಗಂಜಿ ಕಾಯಿಸಿ ತಂದು ಕುಡಿಸಿದರು. ಪೀಠವೇರಿದ ಮೇಲೆ ಅವರು ಕೈಗೊಂಡ ಮಹಾಕಾರ್ಯವೆಂದರೆ, ಸುಟ್ಟುಹೋಗಿದ್ದ ಹಳೆಯ ದೇವಾಲಯದ ಜಾಗದಲ್ಲಿ ಕಲ್ಲಿನ ಹೊಸ ದೇವಾಲಯ. ಗೋಡೆಗಳೆದ್ದವು, ಛಾವಣಿಗೆ ಹೊದಿಸಲು ಬೇಕಾದ ಸೀಸ ಕೊಡುವುದಾಗಿ ದೊರೆ ಒಪ್ಪಿದ್ದರು.

ಆ ದಿನಗಳಲ್ಲೇ ಲುಲ್ಲ ಎಂಬ ಕಮ್ಮಾರ ಓಡಿಬಂದು ಅಲ್ಲೇ ಉಳಿದಿದ್ದ ಹಳೆಯ ಬಲಿಪೀಠವನ್ನು ತಬ್ಬಿಕೊಂಡ. ಬೇಟೆಗೆ ಬಂದ ದೊರೆಯ ಸೋದರಳಿಯ ಅವನ ಬಾರ್ಲಿ ಹೊಲದಲ್ಲಿ ಕುದುರೆ ನುಗ್ಗಿಸಿದ್ದಕ್ಕೆ, ಇವನು ಬೀಸಿದ ಕಲ್ಲು ಆ ತರುಣನ ಕಣ್ಣು ಕಳೆದಿತ್ತು. ದೇವಾಲಯ ಹೊಕ್ಕವನನ್ನು ಯಾರೂ ಮುಟ್ಟುವಂತಿಲ್ಲ. ದೊರೆಯ ಅಧಿಕಾರಿ ಬಾಗಿಲಲ್ಲೇ ನಿಂತು, "ಅವನ ಮೈಗೆ ಒಂದು ಗೀರೂ ಆಗಲ್ಲ ಸ್ವಾಮಿ, ನ್ಯಾಯಸಭೆಗೆ ಕರ್ಕೊಂಡು ಹೋಗ್ತೀವಿ ಅಷ್ಟೇ. ದೊರೆಗಳು ಸೀಸದ ಗಾಡಿ ಕಟ್ಟಿಸ್ತಾ ಇದ್ದಾರೆ, ಈಗ ಅವರ ಮನಸ್ಸು ಯಾಕೆ ಕೆಡಿಸ್ತೀರಿ?" ಎಂದ.

ಗುರುಗಳು ಲುಲ್ಲನ ಕೈಹಿಡಿದು ಹೊರಗೆ ನಡೆಸಿಕೊಂಡು ಬಂದರು. ಅಂಗಳ ದಾಟುವ ಮೊದಲೇ ದೊರೆಯ ಭಟರು ಅವನನ್ನು ಗುರುಗಳ ಕೈಯಿಂದ ಕಿತ್ತುಕೊಂಡು ಕಡಿದುಹಾಕಿದರು.

ಹೆಣ ಒಯ್ಯಲು ಬಂದ ಲುಲ್ಲನ ತಾಯಿ ವಿನ್‌ಫ್ಲೆಡ್ ಅಳಲಿಲ್ಲ. "ಹಠಮಾರಿ ಅವನು. ಬೇರೆ ಯಾರು ಕರೆದಿದ್ರೂ ಬರ್ತಿರಲಿಲ್ಲ. ನೀವು ಕೈ ಹಿಡಿದ್ರಲ್ಲ, ಅದಕ್ಕೇ ಬಂದ" ಎಂದಷ್ಟೇ ಹೇಳಿದಳು.

ಸೀಸ ಬಂತು, ಛಾವಣಿಯಾಯಿತು. ಪ್ರತಿಷ್ಠೆಯ ದಿನ ದೊರೆ ಸಪರಿವಾರರಾಗಿ ಬಂದು ಕುಳಿತಿದ್ದಾಗ, ಗುರುಗಳು ಪ್ರವಚನಕ್ಕೆ ನಿಂತರು. ಎಲ್ಲರಿಗೂ ಕೇಳುವಂತೆ, "ಇವರು ಮಾತಿಗೆ ತಪ್ತಾರೆ ಅಂತ ನನಗೆ ಅನುಮಾನ ಇತ್ತು. ಇದ್ದೂ ಕರ್ಕೊಂಡು ಬಂದೆ. ಈ ಸೀಸ ಬೇಕಿತ್ತು ನನಗೆ. ನಿಮ್ಮ ತಲೆ ಮೇಲಿರೋದು ಲುಲ್ಲ" ಎಂದರು. ದೊರೆ ಎದ್ದು ಹೋದರು. ಮಠಕ್ಕೆ ಕೊಟ್ಟಿದ್ದ ಹೊಲಗಳನ್ನು ಹಿಂದಕ್ಕೆ ಕಿತ್ತುಕೊಂಡರು. ಹಲವು ವರ್ಷ ನಾವು ಒರಟು ಕಾಳಿನ ರೊಟ್ಟಿಯಲ್ಲೇ ದಿನ ದೂಡಿದೆವು. ಸಹೋದರರು ಗೊಣಗಿದಾಗ ಗುರುಗಳು ನಾಚಿಕೆಯಿಂದ ಕುಗ್ಗುತ್ತಿದ್ದರು.

ಅಂದಿನಿಂದ ಅವರು ಪೀಠದ ಮೇಲೆ ಕುಳಿತದ್ದನ್ನಾಗಲಿ, ಆ ಛಾವಣಿಯತ್ತ ಕಣ್ಣೆತ್ತಿದ್ದನ್ನಾಗಲಿ ನಾವು ಕಾಣೆವು. ಆಶ್ರಯ ಬೇಡಿ ಯಾರು ಬಂದರೂ ಹೊಸ್ತಿಲಿನಲ್ಲಿ ತಾವೇ ಕೂರುತ್ತಿದ್ದರು, ಮತ್ತಾರನ್ನೂ ಹೊರಗೆ ಕಳಿಸಲಿಲ್ಲ. ಜನ ಅದನ್ನು ಧೈರ್ಯವೆಂದು ಕೊಂಡಾಡುವಾಗ ಅವರ ಮುಖ ಕಪ್ಪಿಡುತ್ತಿತ್ತು.

ನಿವೃತ್ತರಾದ ಮೇಲೆ ಎಲ್ಲಿರುವಿರೆಂದು ನಾವು ಕೇಳುವ ಮೊದಲೇ ಅವರು ವಿನ್‌ಫ್ಲೆಡಳ ಊರಿಗೆ ಹೋಗಿದ್ದರು. ಜೊತೆಗಿದ್ದವನು ನಾನು. ಉಳಿದ ದಿನಗಳನ್ನು ಆ ಊರಲ್ಲೇ ಕಳೆಯಲು ಗುರುಗಳು ಅನುಮತಿ ಬೇಡಿದ್ದನ್ನು, ಮುಪ್ಪಿನಲ್ಲಿ ಬಾಗಿದ್ದ ಆಕೆ ಉಣ್ಣೆ ನೂಲುತ್ತಲೇ ಕೇಳಿಸಿಕೊಂಡಳು.

"ಊರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸೋರಿಲ್ಲ. ಇರೋದಾದ್ರೆ ಇರಿ. ನನ್ನ ಬಾಗಿಲಿಗೆ ಮಾತ್ರ ಬರ್ಬೇಡಿ."

"ಬರಲ್ಲ ತಾಯಿ," ಎಂದರು ಗುರುಗಳು.

ಮುಂದಿನ ವಾರ ಅವರು ಅಲ್ಲಿಗೆ ಹೊರಡುತ್ತಿದ್ದಾರೆ. ಭಗವಂತ ಅವರಿಗೆ ದೀರ್ಘಾಯುಷ್ಯವನ್ನು ಕರುಣಿಸಲಿ; ಆ ಊರಿನ ಪ್ರತಿ ಕೂಸಿನ ನೆತ್ತಿಯ ಮೇಲೂ ಅವರ ಕೈಯಿಂದ ಪವಿತ್ರಜಲ ಬೀಳುತ್ತಿರಲಿ. ಆ ತಾಯಿಯ ಬಾಗಿಲಿನ ವಿಷಯದಲ್ಲಿ ಏನನ್ನಾದರೂ ಹಾರೈಸುವ ಹಕ್ಕು ನಮಗಿಲ್ಲ.